ಶೆಟ್ಟರ ರೈಲು ನಿಲ್ಲುವುದಿಲ್ಲ

“ನನ್ನ ಲೈನಿನಲ್ಲಿ ರೈಲು ನಿಂತ ಚರಿತ್ರೆಯೇ ಇಲ್ಲ,” ಎಂದು ಸುಕೇಶ್ ಶೆಟ್ಟರು ಗಲ್ಲಾದಲ್ಲಿ ಕುಳಿತು ಬಿಲ್ ಕೊಡಲು ಬಂದವರಿಗೆಲ್ಲ ಹೇಳುತ್ತಿದ್ದರು. ರೈಲು ಓಡುತ್ತಿದ್ದದ್ದು ಲ್ಯಾಪ್‌ಟಾಪಿನೊಳಗೆ, ಕಾರ್ಖಾನೆ ಕಟ್ಟುವ ಒಂದು ಗೇಮಿನಲ್ಲಿ. ಆದರೆ ಅವರ ಮಾತು ಕೇಳಿದರೆ ನೋಯ್ಡಾದ ಚಳಿಗಾಲದ ಹೊಗೆಯಲ್ಲಿ ಅರ್ಧ ಪಾಲು ಅವರ ಇಂಜಿನ್‌ಗಳದೇ ಅನ್ನಿಸುತ್ತಿತ್ತು.

ಹೋಟೆಲಿನಲ್ಲಿ ಒಂದು ಜನ್ಮವಿಡೀ ನಿಂತೇ ಇದ್ದ ಮಂಡಿಗಳು ಈಗ ಮುಷ್ಕರ ಹೂಡಿದ್ದವು. ಬಾಗಿಲಲ್ಲಿ ಗಿರಾಕಿಗಳನ್ನು ಎದುರುಗೊಳ್ಳುವ ಕೆಲಸ ಹೆಂಡತಿ ಶರ್ಮಿಳಾ ಪಾಲಿಗೆ ಹೋಗಿ, ಶೆಟ್ಟರಿಗೆ ಕುರ್ಚಿ ಉಳಿಯಿತು. ಮಗಳು ನಿರೀಕ್ಷಾ ಮದುವೆಯಾಗಿ ಮಾನೇಸರ್‌ನಲ್ಲಿದ್ದಳು, ಕಾರಿನ ಬಿಡಿಭಾಗದ ಕಾರ್ಖಾನೆಯೊಂದರಲ್ಲಿ ಕೆಲಸ. ನೋಯ್ಡಾದಿಂದ ಹೊರಡುವಾಗ ಬೋಳಿಸಿದ ಗಡ್ಡ, ದೆಹಲಿಯ ಟ್ರಾಫಿಕ್ಕು ದಾಟಿ ಅಲ್ಲಿಗೆ ತಲುಪುವಾಗ ಎದೆ ಮುಟ್ಟುತ್ತದೆ. ಫೋನಿನಲ್ಲಿ “ಊಟ ಆಯ್ತಾ? ಮಂಡಿ ಹೇಗುಂಟು?” ಇಷ್ಟೇ, ಶಿಫ್ಟು ಮುಗಿಸಿ ಬಂದವಳ ಗಂಟಲಲ್ಲಿ ಮೂರನೆಯ ಪ್ರಶ್ನೆ ಉಳಿದಿರುತ್ತಿರಲಿಲ್ಲ. ಭಾನುವಾರ ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ತಿಂಡಿಗೆ ಬಾಗಿಲು ತೆರೆಯುವವರೆಗೆ, ಈ ಗೇಮಿನಲ್ಲಿ ಮಾತ್ರ ಇಬ್ಬರೂ ಮನಸಾರೆ ಹರಟುತ್ತಿದ್ದರು. ಗೇಮಿನ ಕಾರ್ಖಾನೆ ಅವಳದು. ಅದಕ್ಕೆ ಅದಿರು, ಕಲ್ಲಿದ್ದಲು ಹೊರುವ ರೈಲು ಅಪ್ಪನದು.

ಒಂದು ಭಾನುವಾರ ರೈಲುಗಳೆಲ್ಲ ನಿಂತವು. ಹಳಿಗಳು ಕೂಡುವಲ್ಲಿ ಅದಿರಿನ ರೈಲಿಗೆ ಕಲ್ಲಿದ್ದಲಿನದು ಅಡ್ಡ, ಅದಕ್ಕೆ ತಾಮ್ರದ್ದು ಅಡ್ಡ, ತಾಮ್ರದ್ದಕ್ಕೆ ಮತ್ತೆ ಅದಿರಿನದೇ ಅಡ್ಡ. ಶೆಟ್ಟರು ಇನ್ನಷ್ಟು ರೈಲು ಬಿಟ್ಟರು. ಅವೂ ಬಂದು ಹಿಂದೆ ನಿಂತು ನಿಟ್ಟುಸಿರಿಟ್ಟವು. ಸಾಲು ಸ್ವಲ್ಪ ಬೆಳೆದಿದ್ದರೆ ಲ್ಯಾಪ್‌ಟಾಪಿನಿಂದ ಇಳಿದು ಮೆಟ್ರೊ ಸ್ಟೇಷನ್ ಮುಟ್ಟುತ್ತಿತ್ತು.

“ಪಪ್ಪಾ, ನನ್ನ ಭಟ್ಟಿ ಎಲ್ಲ ಆರಿ ಹೋಯ್ತು,” ಎಂದು ನಿರೀಕ್ಷಾ ಸ್ಪೀಕರಿನಲ್ಲೇ ಆಕಳಿಸಿದಳು. “ವಾರವಿಡೀ ಫ್ಯಾಕ್ಟರಿಯಲ್ಲಿ ಇದನ್ನೇ ನೋಡಿ ಸಾಕಾಗಿದೆ. ಇವತ್ತು ಸರಿಯಾಗದಿದ್ರೆ ಹಳಿ ಕಿತ್ತು ಕನ್ವೇಯರ್ ಬೆಲ್ಟ್ ಹಾಕಿಬಿಡ್ತೇನೆ. ಮಾಲು ಅದರ ಮೇಲೆ ತನ್ನಷ್ಟಕ್ಕೇ ಸಾಗ್ತದೆ. ನೀವು ರೆಸ್ಟ್ ತಗೊಳ್ಳಿ.”

ರೆಸ್ಟ್! ಮಂಡಿ ಕೆಟ್ಟಂದಿನಿಂದ ಊರವರೆಲ್ಲ ಅವರಿಗೆ ಬಿಟ್ಟಿ ಹಂಚುತ್ತಿದ್ದ ಪ್ರಸಾದ ಅದೊಂದೇ. ಹಳಿ ಹೋದರೆ ಭಾನುವಾರವೂ ಹೋಯಿತು. ಮತ್ತೆ ಊಟ, ಮತ್ತೆ ಮಂಡಿ.

“ಸ್ವಲ್ಪ ತಡಿ ಮಾರಾಯ್ತಿ,” ಎಂದರು. ಸ್ವರದಲ್ಲಿ ಜೀವವಿರಲಿಲ್ಲ.

ಅಷ್ಟರಲ್ಲಿ ಸಂಜೆಯ ತಿಂಡಿಗೆ ಶಟರ್ ಎದ್ದಿತು. ಜನ ನುಗ್ಗಿದರು. ಶರ್ಮಿಳಾ ಬಾಗಿಲಿಗೆ ಕೈ ಅಡ್ಡ ಇಟ್ಟರು. “ರುಕಿಯೇ ಭಯ್ಯಾ! ಟೇಬಲ್ ಖಾಲಿ ಆದ ಮೇಲೆ ಕರೀತೇನೆ.”

“ಬಂದವರನ್ನು ಹೊರಗೆ ನಿಲ್ಲಿಸಬಾರದು ಅಂತ ಎಷ್ಟು ಸಲ ಹೇಳಿದ್ದೇನೆ?” ಶೆಟ್ಟರು ಅಭ್ಯಾಸಬಲದಿಂದ ಗೊಣಗಿದರು.

“ಹೌದು, ನಿಮ್ಮ ಕಾಲದಲ್ಲಿ ಎಲ್ಲರನ್ನೂ ಒಳಗೆ ತುಂಬಿಸಿ, ತಿಂದವನಿಗೆ ಏಳ್ಲಿಕ್ಕೆ ಜಾಗ ಇಲ್ಲ, ನಿಂತವನಿಗೆ ಕೂರ್ಲಿಕ್ಕೆ ಜಾಗ ಇಲ್ಲ. ಸಾಂಬಾರ್ ಬಕೆಟ್ ಹಿಡಿದವನು ನಡುವೆ ಕಲ್ಲಾಗಿ ನಿಲ್ತಿದ್ದ!”

ಶೆಟ್ಟರು ಲ್ಯಾಪ್‌ಟಾಪಿನ ತೆರೆಯತ್ತ ತಿರುಗಿದರು. ಅಲ್ಲಿ ಬಕೆಟ್ ಹಿಡಿದು ನಿಂತಿದ್ದದ್ದು ತಾಮ್ರದ ರೈಲು.

ಅದನ್ನು ತಾವೇ ನಡೆಸಿ ಹಿಂದಕ್ಕೆ ತಂದರು. ಹಳಿ ಕೂಡುವ ಪ್ರತಿ ಬಾಯಿಗೂ ಬೇರೆ ಬಗೆಯ ಸಿಗ್ನಲ್ ನೆಟ್ಟರು: ಆಚೆ ದಾಟಿ ನಿಲ್ಲಲು ಜಾಗವಿದ್ದರೆ ಮಾತ್ರ ಒಳಗೆ ಪ್ರವೇಶ. ಅದಿರಿನ ರೈಲು ಬೆನ್ನು ನೋಯುವ ಮುದುಕನಂತೆ ಅಲುಗಿ, ಮೆಲ್ಲಗೆ ಹೊರಟಿತು. ಅದರ ಹಿಂದೆ ಕಲ್ಲಿದ್ದಲು. ಮಾನೇಸರ್‌ನ ಮಗಳ ಭಟ್ಟಿ ಮತ್ತೆ ಉರಿಯಿತು.

“ಅಚ್ಛಾ, ಚಲ್ ಪಡಾ! ಹೊರಟೇಬಿಟ್ಟಿತು!” ಎಂದಳು ನಿರೀಕ್ಷಾ, ಎಷ್ಟೋ ದಿನದ ಮೇಲೆ ಅವಳು ನಕ್ಕದ್ದು ಕೇಳಿಸಿತು. ಆದರೆ ಶೆಟ್ಟರ ಮಗಳಲ್ಲವೆ, ಸುಮ್ಮನೆ ಬಿಟ್ಟಾಳೆಯೆ? “ಆದ್ರೂ ಪಪ್ಪಾ, ಸಿಗ್ನಲ್ ಹೊರಗೆ ನೋಡಿ, ಎಷ್ಟು ರೈಲು ಸಾಲುಗಟ್ಟಿ ನಿಂತಿವೆ. ನಿಮ್ಮ ರೈಲು ನಿಲ್ಲುವುದೇ ಇಲ್ಲ ಅಂತಿದ್ರಲ್ಲ?”

ಶೆಟ್ಟರು ನೋಯುವ ಕಾಲನ್ನು ಸ್ಟೂಲಿನ ಮೇಲೆ ಚಾಚಿದರು.

“ಅವು ನಿಂತದ್ದಲ್ಲ ಮಗಳೇ, ಟೇಬಲ್ ಕಾಯ್ತಾ ಉಂಟು. ನಿನ್ನ ಬೆಲ್ಟಿಗೆ ಗೊತ್ತುಂಟಾ ಆ ಮರ್ಯಾದೆ?”