ತಾತನ ಹಣೆ

ಮೂವತ್ತು ವರ್ಷ ನಾನು ಯಹೂದಿಗಳ ಬಗ್ಗೆ ಪಾಠ ಮಾಡಿದ್ದೇನೆ. ಒಬ್ಬನೇ ಒಬ್ಬ ಯಹೂದಿಯನ್ನೂ ಕಂಡಿಲ್ಲ. ಇದನ್ನು ಹೇಳಿಕೊಳ್ಳಲು ಮೊದಲು ನಾಚಿಕೆಯಾಗುತ್ತಿತ್ತು. ಈಗ ನಿವೃತ್ತನಾಗಿ ಪಿಂಚಣಿ ಬರುತ್ತಿರುವುದರಿಂದ ಧೈರ್ಯ ಬಂದಿದೆ. ನೌಕರಿಗೆ ಸೇರಿದ್ದು ನಾಗಮಂಗಲದಲ್ಲಿ. ಅಲ್ಲಿಂದ ಕೆ.ಆರ್. ಪೇಟೆ, ಆಮೇಲೆ ಶ್ರೀರಂಗಪಟ್ಟಣ, ಕೊನೆಗೆ ಪಾಂಡವಪುರ. ನನ್ನ ವಿಶ್ವ ಇತಿಹಾಸವೆಲ್ಲ ಈ ನಾಲ್ಕು ತಾಲ್ಲೂಕುಗಳ ಬಸ್ಸುಗಳಲ್ಲೇ ಓಡಾಡಿದೆ. ಈ ದಾರಿಯಲ್ಲಿ ಯಹೂದಿಯೊಬ್ಬ ಹತ್ತಿದ್ದರೆ ನನಗೆ ಖಂಡಿತ ಗೊತ್ತಾಗುತ್ತಿತ್ತು, ಏಕೆಂದರೆ ನಮ್ಮ ಕಡೆ ಪಕ್ಕದ ಸೀಟಿನವನ ಊರು, ಕುಲ, ಎಷ್ಟು ಮಕ್ಕಳು ಎಂದು ಕೇಳದೆ ಯಾರೂ ಟಿಕೆಟ್ಟೇ ತೆಗೆದುಕೊಳ್ಳುವುದಿಲ್ಲ.

ಪಾಠ ಮಾತ್ರ ಅಚ್ಚುಕಟ್ಟಾಗಿತ್ತು. ಕಪ್ಪುಹಲಗೆಯ ಮೇಲೆ ಮೂರು ಗೆರೆ ಎಳೆದು ಯಹೂದಿ, ಕ್ರೈಸ್ತ, ಇಸ್ಲಾಂ ಎಂದು ಮೇಲೆ ಬರೆದರೆ ಅರ್ಧ ಪಾಠ ಮುಗಿದಂತೆ. ಸಾಮ್ಯಗಳು: ದೇವರು ಒಬ್ಬನೇ, ಪ್ರವಾದಿಗಳುಂಟು, ಗ್ರಂಥವುಂಟು, ಉಪವಾಸವುಂಟು, ದಾನವುಂಟು, ಮೂವರಿಗೂ ಮೂಲಪುರುಷ ಅಬ್ರಹಾಂ. ವ್ಯತ್ಯಾಸಗಳು: ವಾರದ ಪವಿತ್ರ ದಿನ ಒಬ್ಬರಿಗೆ ಶನಿವಾರ, ಒಬ್ಬರಿಗೆ ಭಾನುವಾರ, ಒಬ್ಬರಿಗೆ ಶುಕ್ರವಾರ. ಯೇಸು ಕ್ರೈಸ್ತರಿಗೆ ದೇವಪುತ್ರ, ಮುಸ್ಲಿಮರಿಗೆ ಈಸಾ ಎಂಬ ಪ್ರವಾದಿ, ಯಹೂದಿಗಳಿಗೆ ಎರಡೂ ಅಲ್ಲ, ಅವರು ಕಾಯುತ್ತಿರುವವನು ಇನ್ನೂ ಬಂದಿಲ್ಲ. ಪರೀಕ್ಷೆಯಲ್ಲಿ ಸಾಮ್ಯಕ್ಕೆ ಎರಡು ಅಂಕ, ವ್ಯತ್ಯಾಸಕ್ಕೆ ಎರಡು ಅಂಕ. ಸಾಮ್ಯ ಬರೆಯಲು ಜಾಗ ಸಾಲದೆ ಮಕ್ಕಳು ಹಾಳೆ ತಿರುಗಿಸುತ್ತಿದ್ದರು. ವ್ಯತ್ಯಾಸ ನಾಲ್ಕು ಸಾಲಿಗೆ ಮುಗಿಯುತ್ತಿತ್ತು. ಆ ನಾಲ್ಕು ಸಾಲಿಗಾಗಿ ಸಾವಿರಾರು ವರ್ಷ ಹೊಡೆದಾಡಿದ್ದಾರೆ ಎಂಬುದು ಪಠ್ಯದ ಮುಂದಿನ ಅಧ್ಯಾಯ, ಅದನ್ನು ಯಾವಾಗಲೂ ಪರೀಕ್ಷೆ ಹತ್ತಿರ ಬಂತೆಂದು ಬಿಟ್ಟುಬಿಡುತ್ತಿದ್ದೆ.

ಶ್ರೀರಂಗಪಟ್ಟಣದ ಶಾಲೆಯಲ್ಲಿ ನನಗೆ ಇಬ್ಬರು ಸಹೋದ್ಯೋಗಿಗಳಿದ್ದರು. ಗಂಜಾಂನ ಅನ್ವರ್ ಮೇಷ್ಟ್ರು ಗಣಿತಕ್ಕೆ, ಪಾಲಹಳ್ಳಿ ಕಡೆಯ ರೋಸಿ ಟೀಚರ್ ಇಂಗ್ಲಿಷಿಗೆ. ದೇವರ ಮಾತಿನಂತೆ ಅಬ್ರಹಾಂ ಬಲಿ ಕೊಡಲು ಕರೆದೊಯ್ದದ್ದು ಯಾವ ಮಗನನ್ನು ಎಂದು ಒಮ್ಮೆ ಸುಮ್ಮನೆ ಕೇಳಿದೆ. ‘ಇಸಾಕನನ್ನ’ ಎಂದರು ರೋಸಿ ಟೀಚರ್. ‘ಇಸ್ಮಾಯಿಲ್’ ಎಂದರು ಅನ್ವರ್. ಸ್ಟಾಫ್ ರೂಮಿನಲ್ಲಿ ಒಂದು ಕ್ಷಣ ಯಾರೂ ಚಹಾ ಹೀರಲಿಲ್ಲ. ಆಮೇಲೆ ಅನ್ವರ್ ನಕ್ಕು, ‘ಯಾರಾದ್ರೂ ಆಗ್ಲಿ ಟೀಚರ್, ಇಬ್ರೂ ಮಕ್ಕಳು ಉಳ್ಕೊಂಡ್ರಲ್ಲ. ಪಾಪ, ಬದಲಿಗೆ ಜೀವ ಹೋಗಿದ್ದು ಟಗರಿಂದು’ ಎಂದರು. ನಮ್ಮ ಜಿಲ್ಲೆಯಲ್ಲಿ ಟಗರಿನ ಮಾತು ಬಂದ ಮೇಲೆ ಯಾವ ಚರ್ಚೆಯೂ ಧರ್ಮದಲ್ಲಿ ನಿಲ್ಲುವುದಿಲ್ಲ, ಊಟಕ್ಕೆ ಹೋಗುತ್ತದೆ.

ಇಷ್ಟೆಲ್ಲ ಸಮನ್ವಯದ ಪಾಠ ಮಾಡಿದ ನಾನು ನನ್ನ ದೊಡ್ಡಪ್ಪನ ಮಗ ನಿಂಗಣ್ಣನ ಜೊತೆ ಒಂಬತ್ತು ವರ್ಷ ಮಾತು ಬಿಟ್ಟಿದ್ದೆ. ಕಾರಣ ಕೇಳಿದರೆ ನೀವು ನಗುತ್ತೀರಿ. ನಮ್ಮ ತಾತನ ಹಣೆ.

ಅಕ್ಕಿಹೆಬ್ಬಾಳಿಗೆ ಸಮೀಪದ ಊರು ನಮ್ಮದು. ತಾತನಿಗೆ ಮೂರು ಗಂಡುಮಕ್ಕಳು: ದೊಡ್ಡಪ್ಪ, ನಮ್ಮಪ್ಪ, ಚಿಕ್ಕಪ್ಪ. ಈಗ ಮೂರು ಮನೆ. ಊರಲ್ಲಿ ನಿಂಗಣ್ಣ, ಪಾಂಡವಪುರದಲ್ಲಿ ನಾನು, ಕೆ.ಆರ್. ಪೇಟೆಯಲ್ಲಿ ಚಿಕ್ಕಪ್ಪನ ಮಗ ಕುಮಾರ. ನಮ್ಮ ಕಡೆ ದೇವರುಗಳು ಸೊಸೆಯರ ಹಿಂದೆ ಬರುತ್ತವೆ. ನಮ್ಮಮ್ಮ ಕರಿಘಟ್ಟದ ತಪ್ಪಲಿನವಳು, ಅವಳ ಜೊತೆ ಬೆಟ್ಟದ ಶ್ರೀನಿವಾಸ ನಮ್ಮ ಮನೆಗೆ ಬಂದ, ನಮ್ಮ ಹಣೆಗೆ ನಾಮ ಬಂತು. ದೊಡ್ಡವ್ವ ನಾಗಮಂಗಲದ ಕಡೆಯವಳು, ಅವಳ ಸೆರಗು ಹಿಡಿದು ಭೈರವ ಬಂದ, ಅವರ ಹಣೆಗೆ ವಿಭೂತಿ. ಹೀಗಾಗಿ ಒಂದೇ ರಕ್ತದ ನಾವು ಹಬ್ಬದ ದಿನ ಎದುರುಬದುರು ನಿಂತರೆ ಒಬ್ಬನದು ಉದ್ದ ಗೆರೆ, ಒಬ್ಬನದು ಅಡ್ಡ ಗೆರೆ.

ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವುದು ನಮ್ಮಲ್ಲಿ ದೊಡ್ಡ ಹಬ್ಬ. ತಾತನಿಗೆ ಇಷ್ಟವಾದ ಮುದ್ದೆ, ಬಾಡಿನ ಸಾರು, ವಡೆ, ಕಜ್ಜಾಯ, ಒಂದು ಕಟ್ಟು ಬೀಡಿ, ಹೊಸ ಪಂಚೆ ಎಲ್ಲವನ್ನೂ ಪಟದ ಮುಂದೆ ಇಟ್ಟು, ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ಜಗಲಿಯಲ್ಲಿ ಕೂರುತ್ತೇವೆ. ತಾತ ಸಂಕೋಚವಿಲ್ಲದೆ ಉಣ್ಣಲಿ ಎಂದು. ಸ್ವಲ್ಪ ಹೊತ್ತಾದ ಮೇಲೆ ಕೆಮ್ಮಿ, ಬಾಗಿಲು ತಟ್ಟಿ, ಒಳಗೆ ಹೋಗುತ್ತೇವೆ. ಮೂರೂ ಮನೆಯಲ್ಲಿ ಅದೇ ಅಮಾವಾಸ್ಯೆ, ಹೆಚ್ಚುಕಡಿಮೆ ಅದೇ ಹೊತ್ತು. ತಾತ ನಮ್ಮ ಮನೆಗೇ ಬರುತ್ತಾನೆ ಎಂದು ಮೂವರಿಗೂ ಖಾತ್ರಿ. ಮಿಕ್ಕ ಎರಡು ಮನೆಯಲ್ಲಿ ಬಾಗಿಲು ಹಾಕಿಕೊಂಡು ಏನು ಮಾಡುತ್ತಾರೋ ನಮಗೆ ತಿಳಿಯದು.

ತಾತನದು ಒಂದೇ ಒಂದು ಫೋಟೊ, ದೊಡ್ಡಪ್ಪನ ಮನೆಯಲ್ಲಿತ್ತು. ಬೋಳಿಸಿದ ತಲೆ, ಅಗಲ ಹಣೆ, ಹಣೆಯ ನಡುವೆ ತೇವ ಹಿಡಿದು ಆದ ಬಿಳಿ ಕಲೆ. ನಾನು ಅದನ್ನು ಬೇಡಿ ತಂದು ಪಾಂಡವಪುರದ ಸ್ಟುಡಿಯೋದಲ್ಲಿ ಬಣ್ಣದ ದೊಡ್ಡ ಪಟ ಮಾಡಿಸಲು ಕೊಟ್ಟೆ. ಸ್ಟುಡಿಯೋದವನು, ‘ಸಾರ್, ಹಣೆ ಮೇಲೆ ಕಲೆ ಐತೆ, ಅಲ್ಲೇನ್ ಹಾಕ್ಲಿ?’ ಎಂದ. ಇತಿಹಾಸದ ಮೇಷ್ಟ್ರಾದ ನಾನು, ಆಧಾರವಿಲ್ಲದೆ ಏನೂ ಹೇಳಬಾರದು ಎಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿದ ನಾನು, ಉಸಿರು ಬಿಡುವುದರೊಳಗೆ ‘ನಾಮ ಹಾಕಪ್ಪ’ ಎಂದುಬಿಟ್ಟೆ. ಅವನು ಕೆಂಪು, ಬಿಳಿ ಎರಡೂ ಧಾರಾಳವಾಗಿ ಎಳೆದು, ಉಚಿತವಾಗಿ ಒಂದು ಜರಿ ಪೇಟವನ್ನೂ ಸುತ್ತಿದ.

ಆ ಪಟವನ್ನು ನಿಂಗಣ್ಣನಿಗೆ ತೋರಿಸಲು ಹೆಮ್ಮೆಯಿಂದ ಒಯ್ದೆ. ಅವನು ನೋಡಿದ. ‘ತಾತನ ಹಣೆಗೆ ಕೈ ಹಾಕಾಕೆ ನೀನ್ಯಾವನ್ಲಾ?’ ಎಂದ. ನಾನು ‘ಹಣೆ ನಿಮ್ಮಪ್ಪನ ಒಬ್ಬನದೇ ಆಸ್ತಿಯಾ?’ ಎಂದೆ. ಅದೇ ಕೊನೆಯ ಮಾತು. ಅವನು ಕೆ.ಆರ್. ಪೇಟೆಯಲ್ಲಿ ಇನ್ನೊಂದು ಪಟ ಮಾಡಿಸಿ ಮೂರು ಅಡ್ಡ ಗೆರೆ ಹಾಕಿಸಿದನೆಂದು ತಿಳಿಯಿತು. ಕುಮಾರ ಇಬ್ಬರನ್ನೂ ಬೈದು, ‘ಎರಡೂ ಸುಳ್ಳು, ನಂಗೆ ಪಟಾನೇ ಬ್ಯಾಡ’ ಎಂದು ತಾತನ ಊರುಗೋಲೊಂದನ್ನು ನಿಲ್ಲಿಸಿ ಅದಕ್ಕೇ ಎಡೆ ಇಡತೊಡಗಿದ. ಮೂಲ ಒಂದೇ, ಪಟ ಎರಡು, ಪಟವೇ ಬೇಡವೆನ್ನುವ ಮನೆ ಒಂದು. ನನ್ನ ಕಪ್ಪುಹಲಗೆಯ ಮೂರು ಗೆರೆಗಳನ್ನು ನಮ್ಮ ವಂಶಕ್ಕೇ ಎಳೆದಂತಾಗಿತ್ತು. ಈ ಹೋಲಿಕೆಯನ್ನು ಹೆಚ್ಚು ಎಳೆಯುವುದಿಲ್ಲ. ಎಳೆದರೆ ಮೂರು ಧರ್ಮದವರ ಜೊತೆಗೆ ನಮ್ಮ ಮೂರು ಮನೆಯವರೂ ನನ್ನನ್ನು ಹುಡುಕಿಕೊಂಡು ಬರುತ್ತಾರೆ.

ನಾವು ಮಾತು ಬಿಟ್ಟರೂ ದೊಡ್ಡವ್ವ ಬಿಡಲಿಲ್ಲ. ಕಣ್ಣಿನ ಡಾಕ್ಟರಿಗೆ ತೋರಿಸಬೇಕೆಂದು ತಿಂಗಳಿಗೊಮ್ಮೆ ಬಸ್ಸು ಹತ್ತಿ ಪಾಂಡವಪುರಕ್ಕೆ ಬರುವಳು, ನಮ್ಮ ಮನೆಯಲ್ಲಿ ಉಂಡು ಹೋಗುವಳು. ಎಡೆಯ ಮರುದಿನಗಳಲ್ಲಿ ಮೂರೂ ಮನೆಯ ಕಜ್ಜಾಯ ತಿಂದು, ಯಾವುದಕ್ಕೆ ಪಾಕ ಗಟ್ಟಿಯಾಗಿದೆ ಎಂದು ತೀರ್ಪು ಕೊಡುತ್ತಿದ್ದವಳು ಅವಳೊಬ್ಬಳೇ. ತಾತನನ್ನು ಕಣ್ಣಾರೆ ಬಲ್ಲವರಲ್ಲಿ ಉಳಿದಿದ್ದವಳೂ ಅವಳೇ. ಆದರೆ ಅವಳನ್ನು ಕೇಳಬೇಕೆಂದು ನನಗೆ ಹೊಳೆಯಲು ಎಂಟು ವರ್ಷ ಬೇಕಾಯಿತು. ‘ದೊಡ್ಡವ್ವ, ತಾತ ಹಣೆಗೆ ಏನಿಡ್ತಿದ್ದ?’

ಅವಳು ಬಾಯಿಯ ಎಲೆಅಡಿಕೆಯನ್ನು ಒಂದು ಕೆನ್ನೆಗೆ ಸರಿಸಿ, ‘ನಮ್ ಕಾಲದಲ್ಲಿ ಮಾವನ ಮಕ ಯಾರ್ಲಾ ನೋಡಿದ್ರು? ತಲೆ ಮ್ಯಾಲೆ ಸೆರಗು, ನೆಲದ್ ಮ್ಯಾಲೆ ಕಣ್ಣು. ಕಾಲು ಕೇಳು, ಯೇಳ್ತೀನಿ. ಬಲಗಾಲ್ ಹೆಬ್ಬೆಟ್ಟಿನ ಉಗ್ರು ಸೀಳಿತ್ತು’ ಎಂದಳು.

ಅಂದು ಟಿವಿಯಲ್ಲಿ ಆ ದೂರದ ನಾಡಿನ ಯುದ್ಧ ತೋರಿಸುತ್ತಿದ್ದರು. ಬಿದ್ದ ಗೋಡೆಗಳು, ಬಿಳಿ ಬಟ್ಟೆ ಸುತ್ತಿದ ಮಕ್ಕಳು, ಎದೆ ಬಡಿದುಕೊಳ್ಳುವ ತಾಯಂದಿರು. ‘ಯಾರ್ಲಾ ಇವ್ರು?’ ಎಂದಳು. ನನಗೆ ಉತ್ಸಾಹ ಬಂತು. ಯಹೂದಿಗಳು ಯಾರು, ಮುಸ್ಲಿಮರು ಯಾರು, ಕ್ರೈಸ್ತರು ನಡುವೆ ಹೇಗೆ ಬಂದರು, ಎಲ್ಲರಿಗೂ ಮೂಲಪುರುಷ ಒಬ್ಬನೇ ಎಂದು ಪೂರ್ತಿ ಪಾಠ ಮಾಡಿದೆ. ಅವಳು ಕೇಳಿಸಿಕೊಂಡು, ‘ಅಂಗಾರೆ ದಾಯಾದಿಗಳು ಅನ್ನು’ ಎಂದಳು. ನನ್ನ ಮೂವತ್ತು ವರ್ಷದ ಪಾಠ ಒಂದೇ ಮಾತಿಗೆ ಇಳಿಯಿತು. ಆಮೇಲೆ ಕೇಳಿದಳು, ‘ದಾಯಾದಿಗಳಾದ್ರೆ ಸೂತಕ ಐತೇನ್ಲಾ ರಾಜ ಅವ್ರಿಗೆ? ಅವ್ನ ಮನೇಲಿ ಮಗ ಸತ್ರೆ ಇವ್ನು ತಲೆಗ್ ನೀರ್ ಉಯ್ಕಂತಾನಾ?’

ಅದು ಪಠ್ಯದಲ್ಲಿಲ್ಲ ದೊಡ್ಡವ್ವ ಎಂದು ನಾನು ಚಾನೆಲ್ ಬದಲಿಸಿದೆ.

ಮರುವರ್ಷ ಪಿತೃಪಕ್ಷದಲ್ಲಿ, ಅಮಾವಾಸ್ಯೆಗೆ ನಾಲ್ಕು ದಿನ ಇರುವಾಗ, ದೊಡ್ಡವ್ವ ತೀರಿಕೊಂಡಳು. ನಿಂಗಣ್ಣ ನನಗೆ ಹೇಳಿಕಳಿಸಲಿಲ್ಲ. ಕುಮಾರ ಬೆಳಿಗ್ಗೆ ಫೋನ್ ಮಾಡಿದ. ನನ್ನ ಹೆಂಡತಿ ಎಡೆಗೆಂದು ತಂದಿದ್ದ ಹೊಸ ಪಂಚೆಯನ್ನು ಮಡಿಚಿ ಒಳಗಿಟ್ಟಳು. ಸೂತಕ. ಮೂರು ಮನೆಯಲ್ಲೂ ಈ ವರ್ಷ ಎಡೆಯಿಲ್ಲ. ಮಾತು ಬಿಡಬಹುದು, ಪಟ ಬೇರೆ ಮಾಡಿಸಬಹುದು, ದೇವರನ್ನೇ ಬೇರೆ ಮಾಡಿಕೊಳ್ಳಬಹುದು, ಸೂತಕವನ್ನು ಮಾತ್ರ ಭಾಗ ಮಾಡಿಕೊಳ್ಳಲು ನಮ್ಮವರು ಇನ್ನೂ ಕಲಿತಿಲ್ಲ. ಅದು ಯಾರನ್ನೂ ಕೇಳದೆ ಮೂರು ಹೊಸ್ತಿಲನ್ನೂ ದಾಟುತ್ತದೆ.

ದಾಟಲಾಗದವನು ನಾನು. ಇಲ್ಲೇ ತಲೆಗೆ ನೀರು ಹಾಕಿಕೊಂಡರೆ ಸಾಕಲ್ಲವೇ, ಹೋದರೆ ಅವನು ಎಲ್ಲರೆದುರು ‘ಯಾಕ್ ಬಂದೆ?’ ಎಂದರೆ ಏನು ಗತಿ ಎಂದು ಲೆಕ್ಕ ಹಾಕುತ್ತ ಕೂತೆ. ಸುದ್ದಿ ತಿಳಿದು ಅನ್ವರ್ ಕಾರು ತಂದರು. ನನ್ನ ಸಂಕಟವನ್ನೂ ದೊಡ್ಡವ್ವನ ಪ್ರಶ್ನೆಯನ್ನೂ ಕೇಳಿ ಹೇಳಿದರು, ‘ಸೂತಕ ನಮ್ಮಲ್ಲಿಲ್ಲ ಸಾರ್. ಆದ್ರೆ ನಮ್ಮ ಅಬ್ಬಾ ಒಂದು ಮಾತು ಹೇಳೋರು. ಪೈಗಂಬರ್ ಸಾಹೇಬ್ರ ಮುಂದೆ ಒಂದ್ಸಲ ಒಂದು ಜನಾಜಾ, ಅಂದ್ರೆ ಶವಯಾತ್ರೆ, ಹೋಯ್ತಂತೆ. ಅವ್ರು ಎದ್ದು ನಿಂತ್ರು. ಪಕ್ಕದಲ್ಲಿದ್ದೋರು, ಅದು ಯಹೂದಿದು ಅಂದ್ರು. ಅದೂ ಒಂದು ಜೀವ ಅಲ್ವಾ ಅಂದ್ರಂತೆ.’ ಅವರು ಕಾರಿನ ಕೀಲಿ ಎತ್ತಿಕೊಂಡರು. ‘ನೀವು ಮೂರೂ ಧರ್ಮದೋರ ಬಗ್ಗೆ ಮೂವತ್ತು ವರ್ಷ ಪಾಠ ಹೇಳ್ದೋರು. ಏಳಿ ಸಾರ್.’

ಎದ್ದೆ. ಮೂವತ್ತು ವರ್ಷದಲ್ಲಿ ಆ ಕತೆಯನ್ನು ಒಮ್ಮೆಯೂ ಹಲಗೆಯ ಮೇಲೆ ಬರೆದಿರಲಿಲ್ಲವಲ್ಲ ಎಂದು ದಾರಿಯುದ್ದಕ್ಕೂ ನಾಚಿಕೆಯಾಯಿತು. ಊರಲ್ಲಿ ನಿಂಗಣ್ಣ ‘ಯಾಕ್ ಬಂದೆ’ ಎನ್ನಲಿಲ್ಲ. ‘ಬಾ’ ಎಂದೂ ಅನ್ನಲಿಲ್ಲ. ಚಟ್ಟದ ಹತ್ತಿರ ಸ್ವಲ್ಪ ಸರಿದು ಜಾಗ ಬಿಟ್ಟ. ನಾನು ಹೆಗಲು ಕೊಟ್ಟೆ. ದೊಡ್ಡವ್ವ ಇಷ್ಟು ಹಗುರವಿದ್ದಳೆಂದು ಗೊತ್ತಿರಲಿಲ್ಲ. ದಾರಿಯಲ್ಲೇ ಅಳು ಬಂತು.

ಹನ್ನೊಂದನೆಯ ದಿನ ತಿಥಿ. ಹೇಮಾವತಿಯ ದಂಡೆಯಲ್ಲಿ ದಾಯಾದಿಗಳೆಲ್ಲ ಸಾಲಾಗಿ ಕೂತು ತಲೆ ಬೋಳಿಸಿಕೊಂಡೆವು. ಸೂತಕದಲ್ಲಿ ಹಣೆಗೆ ಏನೂ ಇಡುವಂತಿಲ್ಲವಾದ್ದರಿಂದ ಹನ್ನೊಂದು ದಿನದಿಂದ ಯಾರ ಹಣೆಯಲ್ಲೂ ನಾಮವಿಲ್ಲ, ವಿಭೂತಿಯಿಲ್ಲ. ನಾನು ಮುಳುಗೆದ್ದು ಕಣ್ಣೊರೆಸಿಕೊಂಡು ನೋಡುತ್ತೇನೆ, ಸೊಂಟದವರೆಗಿನ ನೀರಿನಲ್ಲಿ ಎದುರಿಗೆ ತಾತ ನಿಂತಿದ್ದಾನೆ. ಬೋಳು ತಲೆ, ಅಗಲ ಹಣೆ, ನಡುವೆ ಬಿಸಿಲು ಬಿದ್ದು ಬಿಳಿ ಕಲೆ. ಹಳೆಯ ಫೋಟೊದಲ್ಲಿದ್ದಂತೆಯೇ.

‘ಏನ್ಲಾ ಅಂಗ್ ನೋಡ್ತೀಯ?’ ಎಂದ ನಿಂಗಣ್ಣ. ಒಂಬತ್ತು ವರ್ಷದ ಮೇಲೆ ಮೊದಲ ಮಾತು.

‘ತಾತನ ಹಣೆ’ ಎಂದೆ. ‘ಬಣ್ಣ ಬಳಿಯೋಕೆ ಮುಂಚಿಂದು.’

ಅವನು ನನ್ನ ತಲೆಯಿಂದ ಹುಬ್ಬಿನವರೆಗೆ ನೋಡಿದ. ‘ನಿಂದೇನ್ ಬ್ಯಾರೆಯಾ? ಅದೇ ಬುಲ್ಡೆ’ ಎಂದ. ಆಮೇಲೆ ಇಬ್ಬರೂ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಮುಖ ತೊಳೆದೆವು.

ಇದಾದ ಮೇಲೆ ನಾವು ಹಣೆಯನ್ನು ಹಾಗೇ ಖಾಲಿ ಬಿಟ್ಟೆವು ಎಂದರೆ ಕತೆ ಚೆನ್ನಾಗಿರುತ್ತಿತ್ತು, ಆದರೆ ಅದು ಸುಳ್ಳಾಗುತ್ತಿತ್ತು. ಸೂತಕ ಕಳೆದು ಪುರೋಹಿತರು ತಟ್ಟೆ ಹಿಡಿದ ಕೂಡಲೇ ನಿಂಗಣ್ಣ ಮೂರು ಬೆರಳಲ್ಲಿ ಅಡ್ಡ ಎಳೆದುಕೊಂಡ, ನಾನು ಒಂದು ಬೆರಳಲ್ಲಿ ಉದ್ದ ಎಳೆದುಕೊಂಡೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ, ಬದಲಾಗಿಲ್ಲವಲ್ಲ ಎಂದು ಖಾತ್ರಿ ಮಾಡಿಕೊಂಡೆವು. ಊಟಕ್ಕೆ ಮಾತ್ರ ಒಂದೇ ಸಾಲಿನಲ್ಲಿ ಕೂತೆವು, ನಡುವೆ ಅಂದೂ ಕಾರು ತಂದಿದ್ದ ಅನ್ವರ್.

ಹೊರಡುವಾಗ ನಿಂಗಣ್ಣ ಕಾರಿನ ಬಾಗಿಲು ಹಿಡಿದು ನಿಂತ. ‘ಬರೋ ವರ್ಸ ಎಡೆಗೆ ನಮ್ಮನೇಗೇ ಬಂದ್ಬುಡು. ನಿನ್ ನಾಮದ್ ತಾತನ್ನೂ ಕರ್ಕಂಡ್ ಬಾ. ಕುಮಾರನೂ ದೊಣ್ಣೆ ತರ್ಲಿ. ಮೂರ್ನೂ ಒಟ್ಗೆ ಮಡ್ಗಿ ಒಂದೇ ಬಾಗ್ಲು ಹಾಕಂಡು ಕೂರುಮ. ಒಂದೇ ದಿನ ಮೂರ್ ಮನೇಲಿ ಬಾಡೂಟ ಉಂಡು ಉಂಡು ತಾತಂಗೂ ಸಾಕಾಗಿರ್ತದೆ.’

ಆಗಲಿ ಎಂದೆ. ಬಾಗಿಲ ಹಿಂದೆ ಆ ಮೂವರು ತಾತಂದಿರು ಒಬ್ಬರ ಹಣೆ ಒಬ್ಬರು ನೋಡಿಕೊಂಡು ಏನು ಜಗಳವಾಡುತ್ತಾರೋ ನಮಗೆ ಕೇಳಿಸುವುದಿಲ್ಲ. ನಾವು ಹೊರಗೆ ಜಗಲಿಯಲ್ಲಿ ಒಟ್ಟಿಗೆ ಕೂತಿರುತ್ತೇವೆ.