ಜೀನಿನ ಮೇಲೆ ಹಲೀಮ

ಫರಂಗಿಪೇಟೆಯ ಹಲೀಮ ಇಂಗ್ಲಿಷ್ ಕಲಿತದ್ದು ಕೌಬಾಯ್‌ಗಳಿಂದ. ಯಾರಾದರೂ ಕೇಳಿದರೆ ಹಾಗೆಯೇ ಹೇಳುತ್ತಾಳೆ, ಹೇಳುವಾಗ ನಗುವುದಿಲ್ಲ.

ತೊಂಬತ್ತರ ದಶಕದ ನಡುವೆ ಮದುವೆಯಾಗಿ ಅಬುಧಾಬಿಗೆ ಬಂದಾಗ ಅವಳಿಗೆ ಬರುತ್ತಿದ್ದದ್ದು ಬ್ಯಾರಿ, ತುಳು, ಕನ್ನಡ ಮಾತ್ರ. ಗಂಡ ಅದ್ದು ಬಂದರಿನ ಬಳಿಯ ಅಲ್ ಮೀನಾದ ಕಾರ್ಪೆಟ್ ಮಾರುಕಟ್ಟೆಯ ಅಂಗಡಿಯೊಂದರಲ್ಲಿ ಸೇಲ್ಸ್‌ಮನ್. ಬೆಳಿಗ್ಗೆ ಹೋದವನು ಊಟಕ್ಕೆ ಬಂದು, ಒಂದು ಗಳಿಗೆ ಒರಗಿ, ಮತ್ತೆ ಹೋದರೆ ರಾತ್ರಿಯ ಇಶಾ ನಮಾಝ್ ಮುಗಿಸಿಯೇ ಮರಳುತ್ತಿದ್ದ. ಫ್ಲ್ಯಾಟಿನಲ್ಲಿ ಪ್ಲೈವುಡ್ ಗೋಡೆ ಎಬ್ಬಿಸಿ ಮಾಡಿದ ಒಂದು ಕೋಣೆ ಅವರದು. ಗೋಡೆಯ ಆಚೆ ಇದ್ದ ಫಿಲಿಪಿನೋ ದಂಪತಿಗೂ ಹಲೀಮಳಿಗೂ ನಗುವಿನ ಹೊರತು ಬೇರೆ ವ್ಯವಹಾರವಿರಲಿಲ್ಲ.

ಅದ್ದುವಿನ ಅಂಗಡಿಯ ಹತ್ತಿರ ವೀಡಿಯೊ ಕ್ಯಾಸೆಟ್ ಬಾಡಿಗೆಗೆ ಕೊಡುವ ಅಂಗಡಿಯೊಂದಿತ್ತು. ಬಂದರಿಗೆ ಬರುವ ಹಡಗಿನವರೇ ಅದರ ಗಿರಾಕಿಗಳು. ಅದು ಮುಚ್ಚುವಾಗ ಯಾರಿಗೂ ಬೇಡವಾಗಿ ಉಳಿದ ಒಂದು ಪೆಟ್ಟಿಗೆ ಕ್ಯಾಸೆಟ್‌ಗಳನ್ನು ಮಾಲೀಕ ಅದ್ದುವಿನ ಕೈಗೆ ಹಾಕಿದ. ಎಲ್ಲವೂ ಕಪ್ಪುಬಿಳುಪಿನ ಹಳೆಯ ಅಮೆರಿಕನ್ ಚಿತ್ರಗಳು. ಎಲ್ಲದರಲ್ಲೂ ಹಾರ್ಲನ್ ಟೇಟ್ ಎಂಬ ಒಬ್ಬನೇ ನಾಯಕ, ಕಾಪರ್ ಎಂಬ ಒಂದೇ ಕುದುರೆ, ಹೇಸರಗತ್ತೆಯ ಮೇಲೆ ಕೂತು ಹಿಂದೆ ಬರುವ ಹಲ್ಲಿಲ್ಲದ ಒಬ್ಬನೇ ಮುದುಕ. ಒಂದೊಂದು ಚಿತ್ರ ಒಂದು ಗಂಟೆಗೆ ಮುಗಿಯುತ್ತಿತ್ತು. ಕಡಿಮೆ ಖರ್ಚಿನಲ್ಲಿ, ಒಂದರ ಬೆನ್ನಿಗೆ ಇನ್ನೊಂದರಂತೆ ತಯಾರಾದವು ಎಂಬುದು ನೋಡಿದವರಿಗೆಲ್ಲ ತಿಳಿಯುವಂತಿತ್ತು. ಟೆಕ್ಸಾಸ್ ಎಂದರೂ ಅದೇ ಬಂಡೆ, ಮೊಂಟಾನಾ ಎಂದರೂ ಅದೇ ಬಂಡೆ. ಒಂದು ಚಿತ್ರದಲ್ಲಿ ಕಮರಿಗೆ ಉರುಳಿದ ಗಾಡಿ ಬೇರೆ ಚಿತ್ರಗಳಲ್ಲೂ ಅದೇ ಕಮರಿಗೆ, ಅದೇ ಚಕ್ರ ಕಳಚಿ ಉರುಳುತ್ತಿತ್ತು. ಎಷ್ಟೇ ಹೊಡೆದಾಡಿದರೂ ಟೇಟನ ಬಿಳಿ ಟೋಪಿ ಕೆಳಗೆ ಬೀಳುತ್ತಿರಲಿಲ್ಲ. ಮೀಸೆ ಟ್ರಿಮ್ ಮಾಡಿದ ವಕೀಲ ಕಾಣಿಸಿಕೊಂಡರೆ ಅವನೇ ಕಳ್ಳ ಎಂದು ಮೊದಲೇ ತಿಳಿಯುತ್ತಿತ್ತು.

ಹೀಗೆ ಕತೆ ಮೊದಲೇ ಗೊತ್ತಾಗುತ್ತಿದ್ದುದರಿಂದ ಹಲೀಮಳಿಗೆ ಮಾತಿನ ಕಡೆ ಗಮನ ಕೊಡಲು ಬಿಡುವು ಸಿಕ್ಕಿತು. ಅವರು ಆಡುತ್ತಿದ್ದದ್ದೂ ಪುಟ್ಟ ಪುಟ್ಟ ವಾಕ್ಯಗಳು. ಮೀನು ಹೆಚ್ಚುತ್ತಾ, ಅಕ್ಕಿ ಆರಿಸುತ್ತಾ ಅವನ್ನೇ ಬಾಯಲ್ಲಿ ತಿರುವಿ ಹಾಕಿದಳು. ಮಗಳು ನಾಫಿಯಾ ಹೊಟ್ಟೆಯಲ್ಲಿದ್ದಾಗ ಕ್ಲಿನಿಕ್ಕಿನ ಸಾಲಿನಲ್ಲಿ ಒಬ್ಬ ದಪ್ಪ ಮನುಷ್ಯ ಅವಳನ್ನು ದಾಟಿ ಮುಂದೆ ನುಗ್ಗಿದ. "ಐ ಡೋಂಟ್ ವಾಂಟ್ ಟ್ರಬಲ್, ಮಿಸ್ಟರ್. ಗೆಟ್ ಬ್ಯಾಕ್ ಇನ್ ಲೈನ್," ಎಂದಳು. ಆತ ಬೆರಗಾಗಿ ಹಿಂದೆ ಹೋಗಿ ನಿಂತ. ಅದು ಅವಳ ಬಾಯಿಂದ ಬಂದ ಮೊದಲ ಇಂಗ್ಲಿಷ್.

ಆ ಚಿತ್ರಗಳಲ್ಲಿ ಒಂದು ಸಂಗತಿ ಮಾತ್ರ ಅವಳಿಗೆ ಒಗ್ಗಲಿಲ್ಲ. ಪ್ರತಿಯೊಂದರಲ್ಲೂ ಒಬ್ಬ ಹೆಣ್ಣುಮಗಳಿರುತ್ತಿದ್ದಳು. ತಂದೆಯ ದನದ ದೊಡ್ಡಿಯನ್ನು ಕಳ್ಳರಿಂದ ಉಳಿಸಿಕೊಳ್ಳಲು ಹೆಣಗುವವಳು. ಒಂದು ಚಿತ್ರದಲ್ಲಂತೂ ಅವಳ ಸವಾರಿ ಟೇಟನಿಗಿಂತ ಚೆನ್ನಾಗಿತ್ತು. ಆದರೂ ಕೊನೆಗೆ ಅವನು ಕುದುರೆ ಹತ್ತಿ ಬೆಟ್ಟದ ಕಡೆ ಹೋಗುವಾಗ ಅವಳು ವರಾಂಡದಲ್ಲಿ ನಿಂತು ಕೈ ಬೀಸಬೇಕು. ಲಾಯದಲ್ಲಿ ಕುದುರೆಗಳಿಗೇನೂ ಬರವಿರಲಿಲ್ಲ. ಅವಳೂ ಒಂದನ್ನು ಹತ್ತಬಹುದಿತ್ತಲ್ಲ ಎಂದು ಹಲೀಮ ಅದ್ದುವಿಗೆ ಹೇಳಿದಳಂತೆ. ಅದ್ದು, ಹತ್ತಿ ಎಲ್ಲಿಗೆ ಹೋಗುವುದು ಎಂದನಂತೆ.

ಕಾಲ ಸರಿಯಿತು. ಕ್ಯಾಸೆಟ್‌ಗಳಿಗೆ ಬೂಷ್ಟು ಹಿಡಿಯಿತು. ಅದ್ದುವಿಗೆ ದುಬೈಯ ಗೋದಾಮೊಂದರಲ್ಲಿ ಕೆಲಸ ಸಿಕ್ಕಿತು. ಹಲೀಮ ತನ್ನ ಕೌಬಾಯ್ ಇಂಗ್ಲಿಷಿನ ಬಲದಿಂದಲೇ ಊದ್ ಮೇಥಾದ ಶಾಲೆಯೊಂದಕ್ಕೆ ಅರ್ಜಿ ಹಾಕಿ ಬಸ್ಸಿನ ಆಯಾ ಆದಳು. ಮಕ್ಕಳನ್ನು ಹತ್ತಿಸುವುದು, ಬೆಲ್ಟ್ ಹಾಕಿಸುವುದು, ಯಾರೂ ಸೀಟಿನಲ್ಲಿ ನಿದ್ದೆ ಹೋಗಿ ಉಳಿಯದಂತೆ ನೋಡುವುದು ಅವಳ ಕೆಲಸ. ನಾಫಿಯಾ ಓದಿ ಸಿಲಿಕಾನ್ ಓಯಸಿಸ್ ಬಡಾವಣೆಯಲ್ಲಿ ಉದ್ಯೋಗ ಹಿಡಿದಳು, ಮೂವರೂ ಅಲ್ಲಿನ ಒಂದು ಟವರಿಗೆ ಬಂದರು.

ಹಲೀಮಳಿಗೆ ಐವತ್ತು ತುಂಬಿದ ವರ್ಷದ ಚಳಿಗಾಲದಲ್ಲಿ, ಒಂದು ಭಾನುವಾರ, ಅಲ್ ಐನ್ ಕಡೆ ಪಿಕ್‌ನಿಕ್ಕಿಗೆ ಹೊರಟಾಗ ರಸ್ತೆ ಬದಿಯಲ್ಲಿ ಸವಾರಿ ಕಲಿಸುವ ಲಾಯದ ಬೋರ್ಡು ಕಂಡಿತು. ಬೇಲಿಯ ಒಳಗೆ ಹೆಲ್ಮೆಟ್ ಹಾಕಿದ ಹುಡುಗಿಯರು ಸುತ್ತು ಬರುತ್ತಿದ್ದರು. ಹಲೀಮ ಕಾರು ನಿಲ್ಲಿಸಲು ಹೇಳಿದಳು. ಬಾತ್‌ರೂಮಿಗೆ ಇರಬೇಕು ಎಂದುಕೊಂಡು ನಾಫಿಯಾ ನಿಲ್ಲಿಸಿದಳು. ಹಲೀಮ ನೆಟ್ಟಗೆ ಕಚೇರಿಗೆ ಹೋಗಿ ತನ್ನ ಹೆಸರು ಬರೆಸಿ ಬಂದಳು.

ಕಾರಿನಲ್ಲಿ ದೊಡ್ಡ ಚರ್ಚೆಯಾಯಿತು. ಶುಗರ್ ಇದೆ, ಮೊಣಕಾಲು ನೋವಿದೆ, ಜನ ನೋಡಿದರೆ ಏನು ಹೇಳಿಯಾರು ಎಂದು ಅದ್ದು ಒಂದೊಂದಾಗಿ ಮುಂದಿಟ್ಟ. ಉಮ್ಮ, ಬಿ ಪ್ರಾಕ್ಟಿಕಲ್, ಈ ವಯಸ್ಸಿಗೆ ವಾಕಿಂಗ್ ಸಾಕು ಎಂದಳು ನಾಫಿಯಾ. ಹಲೀಮ ಆ ವಾರವೇ ಡಾಕ್ಟರರನ್ನು ಕಂಡು ಒಪ್ಪಿಗೆ ಪಡೆದಳು. ಪಾದದವರೆಗಿನ ಅಬಾಯಾ ಜೀನಿಗೆ ಸಿಕ್ಕಿಕೊಳ್ಳಬಾರದೆಂದು ಹಳೆಯದೊಂದನ್ನು ಮೊಣಕಾಲಿಗೆ ಕತ್ತರಿಸಿ, ಎರಡೂ ಬದಿ ಸೀಳು ಬಿಟ್ಟು, ಅದರ ಒಳಗೆ ತೊಡಲು ದಪ್ಪ ಪೈಜಾಮ ಹೊಲಿದುಕೊಂಡಳು.

ಕಲಿಸುವವಳು ಸಮೀಹಾ ಎಂಬ ಜೋರ್ಡಾನಿನ ಹೆಂಗಸು, ಬಿಸಿಲಿಗೆ ಸುಟ್ಟ ಮುಖದವಳು, ಹೊಗಳಿಕೆಯಲ್ಲಿ ಜಿಪುಣಿ. ಹಲೀಮಳ ಪಾಲಿಗೆ ಬಂದದ್ದು ರಮ್ಲಾ ಎಂಬ ಮರಳು ಬಣ್ಣದ ವಯಸ್ಸಾದ ಹೆಣ್ಣು ಕುದುರೆ. ತೆರೆಯ ಮೇಲೆ ಟೇಟ್ ಓಡುತ್ತಾ ಬಂದು ಒಂದೇ ನೆಗೆತಕ್ಕೆ ಏರುತ್ತಿದ್ದ. ಹಲೀಮ ಮೂರು ಮೆಟ್ಟಿಲಿನ ಹಲಗೆ ಹತ್ತಿ, ಜೀನಿನಿಂದ ಇಳಿಬಿದ್ದ ರಿಕಾಪಿಗೆ ಕಾಲಿಟ್ಟು, ಸಮೀಹಾ ಹಿಂದಿನಿಂದ ಎತ್ತಿ ಕೊಟ್ಟರೂ ಜೀನಿನ ಮೇಲೆ ಬೋರಲಾಗಿ ಬಿದ್ದಳು. ಬೇಲಿಯ ಬಳಿಯಿದ್ದ ಹುಡುಗಿಯರು ಮುಖ ತಿರುಗಿಸಿಕೊಂಡರು. ಅವಳು ಇಳಿದು, ಉಸಿರು ತೆಗೆದುಕೊಂಡು, ಮತ್ತೆ ಹತ್ತಿದಳು. ಆ ದಿನ ಮೈದಾನವನ್ನು ನಡಿಗೆಯಲ್ಲೇ ಸುತ್ತಿದ್ದಷ್ಟೆ. ಮನೆಗೆ ಬಂದು ಕೂರಲೂ ಆಗದೆ ನಿಂತುಕೊಂಡೇ ಊಟ ಮಾಡಿದಳು. ಮುಂದಿನ ಭಾನುವಾರವೂ ಹೋದಳು, ಅದ್ದುವೇ ಕರೆದುಕೊಂಡು ಹೋದ.

ವಸಂತದ ಹೊತ್ತಿಗೆ ರಮ್ಲಾ ಕುಕ್ಕುಲೋಟದಲ್ಲಿ ಹೋಗುವಾಗ ಅದರ ತಾಳಕ್ಕೆ ಏಳುವುದು ಕೂರುವುದು ಹಲೀಮಳಿಗೆ ಬಂತು. ಒಂದು ಬೆಳಿಗ್ಗೆ ಗಾಳಿಗೆ ಹಾರಿ ಬಂದ ಪ್ಲಾಸ್ಟಿಕ್ ಚೀಲಕ್ಕೆ ಬೆದರಿ ಕುದುರೆ ಪಕ್ಕಕ್ಕೆ ಹಾರಿತು. ಹಲೀಮ ಕೈ ಊರಿ ಬಿದ್ದಳು. ಎಡ ಮಣಿಕಟ್ಟಿನ ಮೂಳೆ ಮುರಿಯಿತು.

ಪ್ಲಾಸ್ಟರ್ ಹಾಕಿಸಿಕೊಂಡು ಬಂದ ದಿನ ನಾಫಿಯಾ, ಖಲಾಸ್, ಇಟ್ಸ್ ಓವರ್ ಎಂದು ತೀರ್ಪು ಕೊಟ್ಟಳು. ಅದ್ದು ಚಾ ಮಾಡಿ ಕೊಟ್ಟ, ಅನ್ನ ಕಲಸಿ ಕೊಟ್ಟ, ಆದರೆ ಮುಖ ಕೊಟ್ಟು ಮಾತಾಡಲಿಲ್ಲ. ಬಸ್ಸಿನ ಕೆಲಸಕ್ಕೆ ರಜೆ. ಹಲೀಮ ಒಬ್ಬಳೇ ಮನೆಯಲ್ಲಿ ಕೂತು ಫೋನಿನಲ್ಲಿ ಹಾರ್ಲನ್ ಟೇಟನನ್ನು ಹುಡುಕಿದಳು. ಅಷ್ಟೂ ಚಿತ್ರಗಳು ಅಲ್ಲಿ ಬಿಟ್ಟಿಯಾಗಿ ಬಿದ್ದುಕೊಂಡಿದ್ದವು.

ಬಿದ್ದ ಮೇಲೆ ನೋಡುವ ಕಣ್ಣೇ ಬೇರೆ. ಕುದುರೆಯಿಂದ ಟೇಟ್ ಬೀಳುವ ದೃಶ್ಯ ಬಂದಾಗ ನಿಲ್ಲಿಸಿ, ನಿಧಾನ ಮಾಡಿ ನೋಡಿದಳು. ಬೀಳುತ್ತಿದ್ದವನು ಟೇಟ್ ಆಗಿರಲಿಲ್ಲ. ಅದೇ ಅಂಗಿ, ಅದೇ ಟೋಪಿ, ಆದರೆ ಬೆನ್ನು ಅಗಲ, ಕುತ್ತಿಗೆ ಗಿಡ್ಡ. ಹತ್ತಿರದಿಂದ ಮುಖ ತೋರಿಸುವಾಗ ಮಾತ್ರ ಟೇಟ್ ಮರಳುತ್ತಿದ್ದ. ಆ ಇನ್ನೊಬ್ಬನ ಹೆಸರು ಚಿತ್ರದ ಮೊದಲಲ್ಲೂ ಇರಲಿಲ್ಲ, ಕೊನೆಯಲ್ಲೂ ಇರಲಿಲ್ಲ. ಅವನು ಬೀಳುವಾಗ ಕೈ ಊರುತ್ತಿರಲಿಲ್ಲ. ಲಗಾಮು ಬಿಟ್ಟು, ಗದ್ದ ಎದೆಗೆ ಒತ್ತಿ, ಹೆಗಲಿನ ಮೇಲೆ ಉರುಳಿ, ಅದೇ ಓಘದಲ್ಲಿ ಎದ್ದು ನಿಲ್ಲುತ್ತಿದ್ದ. ಹಲೀಮ ಅದನ್ನು ಮತ್ತೆ ಮತ್ತೆ ನೋಡಿದಳು. ಪ್ಲಾಸ್ಟರ್ ಬಿಚ್ಚಿ ಕೈಗೆ ಬಲ ಬಂದ ಮೇಲೆ, ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಎರಡು ಹಾಸಿಗೆ ಕೆಳಗೆ ಹಾಕಿ ಉರುಳುವುದನ್ನು ಅಭ್ಯಾಸ ಮಾಡಿದಳು.

ಒಂದು ಮಧ್ಯಾಹ್ನ ಅದ್ದು ಬೇಗ ಮನೆಗೆ ಬಂದ. ಹೆಂಡತಿ ನೆಲದ ಮೇಲೆ ಉರುಳುತ್ತಿದ್ದಳು. ಬಾಗಿಲಲ್ಲೇ ನಿಂತುಬಿಟ್ಟ.

"ನೀನು ಪುನಃ ಹೋಗುದು ಅಂತಾಯ್ತು," ಎಂದ.

"ಹೌದು. ಡಾಕ್ಟರು ಹೇಳಿದ ಮೇಲೆ."

"ಎಂತಕ್ಕೆ ಹಲೀಮ? ನಿನಗೆ ಇಲ್ಲಿ ಎಂತ ಕಮ್ಮಿ ಉಂಟು?"

"ಕಮ್ಮಿ ಎಂತದೂ ಇಲ್ಲ. ನಾನು ಇಷ್ಟು ವರ್ಷ ಮಕ್ಕಳನ್ನು ಹತ್ತಿಸುದು, ಇಳಿಸುದು, ಕೈ ಬೀಸುದು, ಇದೇ ಮಾಡಿದ್ದು. ಒಂದು ನನಗೆ ಅಂತ ಕಲೀಬೇಕು. ಅರ್ಧ ಕಲ್ತಾಗಿದೆ, ಈಗ ಬಿಟ್ರೆ ಬಿದ್ದದ್ದು ಮಾತ್ರ ನೆನಪಲ್ಲಿ ಉಳೀತದೆ."

ಅದ್ದು ಹಾಸಿಗೆಯ ಅಂಚಿನಲ್ಲಿ ಕೂತ. "ಅವತ್ತು ನೀನು ಬಿದ್ದದ್ದನ್ನು ನಾನು ಬೇಲಿ ಹತ್ರ ನಿಂತು ನೋಡಿದ್ದೇನೆ. ಇನ್ನೊಂದು ಸಲ ನೋಡ್ಲಿಕ್ಕೆ ನನ್ನಿಂದ ಆಗುದಿಲ್ಲ," ಎಂದ.

ಅವನ ಮೌನ ಸಿಟ್ಟಲ್ಲ ಎಂಬುದು ಹಲೀಮಳಿಗೆ ಆಗ ತಿಳಿಯಿತು. ಆದರೂ ಬಿಟ್ಟುಕೊಡಲಿಲ್ಲ. "ಹಾಗಾದ್ರೆ ನೋಡ್ಬೇಡಿ. ನನ್ನನ್ನು ಬಿಟ್ಟು ರಸ್ತೆ ಆಚೆಯ ಮಲಬಾರಿ ಹೋಟೆಲಿಗೆ ಹೋಗಿ ಚಾ ಕುಡೀರಿ. ಮುಗಿದ ಮೇಲೆ ಫೋನ್ ಮಾಡ್ತೇನೆ," ಎಂದಳು.

ಹಾಗೆಯೇ ನಡೆಯಿತು. ಆದರೆ ಲಾಯಕ್ಕೆ ಮರಳಿದ ಮೊದಲ ದಿನ ಅವಳ ಮೈ ಮಾತು ಕೇಳಲಿಲ್ಲ. ರಿಕಾಪಿಗೆ ಇಟ್ಟ ಕಾಲನ್ನು ಮತ್ತೆ ಮತ್ತೆ ಕೆಳಗಿಳಿಸಿದಳು. ಸಮೀಹಾ ಗದರಲಿಲ್ಲ. ಹತ್ತುವುದು ಬೇಡ, ಲಗಾಮು ಹಿಡಿದು ನಡೆಸಿಕೊಂಡು ಹೋಗು ಎಂದಳು. ಬೇಸಿಗೆ ಪೂರ್ತಿ, ಬಿಸಿಲೇರುವ ಮೊದಲೇ ಹೋಗಿ, ಹಲೀಮ ರಮ್ಲಾಳ ಪಕ್ಕದಲ್ಲಿ ನಡೆದಳು. ಮೈ ತಿಕ್ಕಿದಳು, ಗೊರಸು ಕೆರೆದಳು, ಬ್ಯಾರಿ ಭಾಷೆಯಲ್ಲಿ ಮನೆಯ ಸುದ್ದಿ ಹೇಳಿದಳು. ಹೊಸದಾಗಿ ಸೇರಿದ ಹುಡುಗಿಯರು ಅವಳನ್ನು ಲಾಯದ ಕೆಲಸದವಳು ಎಂದುಕೊಂಡರು, ಅವಳು ತಿದ್ದಲು ಹೋಗಲಿಲ್ಲ. ಸೆಪ್ಟೆಂಬರಿನಲ್ಲಿ ಒಂದು ದಿನ, ಯಾರೂ ಹೇಳದೆ, ಹಲಗೆಯ ಪಕ್ಕ ಕುದುರೆ ನಿಲ್ಲಿಸಿ ಹತ್ತಿ ಕೂತಳು. ಸಮೀಹಾ ದೂರದಿಂದ ನೋಡಿ, "ಯಲ್ಲಾ, ಹಿಮ್ಮಡಿ ಕೆಳಗೆ," ಎಂದಷ್ಟೇ ಅಂದಳು.

ಚಳಿ ಶುರುವಾದಾಗ ಲಾಯದವರು ಮರಳುಗುಡ್ಡಗಳ ನಡುವೆ ಬೆಳಗಿನ ಸವಾರಿ ಹೊರಡಿಸಿದರು. ಹಲೀಮಳೂ ಸೇರಿದಳು. ಸಾಲಿನಲ್ಲಿ ಕೊನೆಯವಳು. ಮೊದಲ ದಿಬ್ಬ ಹತ್ತಿ ಇಳಿಯುವಾಗ ಮಂಜು ಇನ್ನೂ ತಗ್ಗಿನಲ್ಲಿತ್ತು, ಗಾಫ್ ಮರಗಳ ತುದಿ ಮಾತ್ರ ಕಾಣುತ್ತಿತ್ತು. ಎರಡನೆಯ ದಿಬ್ಬದ ಇಳಿಜಾರಿನಲ್ಲಿ ಮರಳು ಸಡಿಲವಾಗಿತ್ತು. ರಮ್ಲಾಳ ಮುಂಗಾಲು ಹೂತು ಕುದುರೆ ಮುಗ್ಗರಿಸಿತು. ಹಲೀಮ ಕುತ್ತಿಗೆಯ ಮೇಲಿನಿಂದ ಮುಂದಕ್ಕೆ ಹೋದಳು. ಕೈ ಊರಲಿಲ್ಲ. ಲಗಾಮು ಬಿಟ್ಟು, ಗದ್ದ ಒತ್ತಿ, ಹೆಗಲಿನ ಮೇಲೆ ಉರುಳಿದಳು. ಬಾಯಿ ತುಂಬ ಮರಳು. ಎದ್ದು ಕೂತು ಮಣಿಕಟ್ಟು ತಿರುಗಿಸಿ ನೋಡಿದಳು. ನೋವಿರಲಿಲ್ಲ.

ಸಮೀಹಾ ಕುದುರೆ ತಿರುಗಿಸಿಕೊಂಡು ಬಂದು, ಜೀಪು ಕರೆಸಲೇ ಎಂದು ಕೇಳಿದಳು.

"ನೋ ಜೀಪ್," ಎಂದಳು ಹಲೀಮ, ಮರಳು ಉಗಿಯುತ್ತಾ.

ಅಲ್ಲಿ ಹತ್ತಲು ಹಲಗೆ ಇರಲಿಲ್ಲ. ಅವಳು ಮೊದಲು ರಮ್ಲಾಳ ಕಾಲು ಸವರಿ ನೋಡಿದಳು, ನಡೆಸಿ ನೋಡಿದಳು. ಕುಂಟು ಕಾಣಲಿಲ್ಲ. ಆಮೇಲೆ ಕುದುರೆಯನ್ನು ತಗ್ಗಿಗೆ ಒಯ್ದು ನಿಲ್ಲಿಸಿ, ತಾನು ದಿಬ್ಬದ ಏರಿನಲ್ಲಿ ನಿಂತಳು. ಈಗ ಜೀನು ಅವಳ ಸೊಂಟಕ್ಕಿತ್ತು. ಮೊದಲ ಸಲ ಮರಳು ಜಾರಿತು. ಎರಡನೆಯ ಸಲ ರಿಕಾಪಿಗೆ ಕಾಲಿಟ್ಟು, ಕುದುರೆಯ ಕುತ್ತಿಗೆಯ ಕೂದಲು ಹಿಡಿದು, ಕಾಲು ಬೀಸಿ ಕೂತಳು. ಯಾರೂ ಎತ್ತಿ ಕೊಟ್ಟಿರಲಿಲ್ಲ. ಸಾಲು ಹೊರಟಿತು. ಈ ಸಲ ಸಮೀಹಾ ಅವಳನ್ನು ತನ್ನ ಬೆನ್ನಿಗೇ ಎರಡನೆಯವಳಾಗಿ ಇಟ್ಟುಕೊಂಡಳು.

ಸವಾರಿಯ ಫೋಟೋ ಒಂದನ್ನು ನಾಫಿಯಾ ತನ್ನ ಆಫೀಸಿನಲ್ಲಿ ತೋರಿಸಿದಳೆಂದು ಆಮೇಲೆ ಗೊತ್ತಾಯಿತು. ಮನೆಯಲ್ಲಿ ಮಾತ್ರ, ಹೆಲ್ಮೆಟ್ ಹಳೆಯದಾಗಿದೆ, ಬದಲಾಯಿಸಬೇಕು ಎಂದಷ್ಟೇ ಹೇಳಿದಳು. ಬಸ್ಸಿನ ಇನ್ನೊಬ್ಬಳು ಆಯಾ, ಬಂಟ್ವಾಳದ ಖೈರುನ್ನಿಸ, ಮೊದಮೊದಲು ತಮಾಷೆ ಮಾಡುತ್ತಿದ್ದವಳು, ಆ ಸೀಳಿನ ಅಬಾಯಾದ ಅಳತೆ ಕೇಳಿದಳು. ಹಲೀಮ ಅವಳಿಗೂ ಒಂದು ಹೊಲಿದು ಕೊಟ್ಟಳು. ಖೈರುನ್ನಿಸ ಈಗ ಭಾನುವಾರಗಳಲ್ಲಿ ರಮ್ಲಾಳ ಮೇಲೆ ಕೂತು ಕಣ್ಣು ಮುಚ್ಚಿ ದುಆ ಓದುತ್ತಾ ಮೈದಾನ ಸುತ್ತುತ್ತಾಳೆ. ಹಲೀಮಳಿಗೆ ಸಮೀಹಾ ಬೇರೆ ಕುದುರೆ ಕೊಟ್ಟಿದ್ದಾಳೆ. ಎತ್ತರದ್ದು, ಕಿವಿ ಚುರುಕು, ಸ್ವಲ್ಪ ಮೊಂಡು. ನಾಗಾಲೋಟಕ್ಕೆ ಬಿಡುವ ಮೊದಲು ಅದು ತಲೆ ಕೊಡವಿ ಹಟ ಮಾಡುತ್ತದೆ. ಹಲೀಮ ಲಗಾಮು ಗಿಡ್ಡ ಹಿಡಿದು, ಹಿಮ್ಮಡಿ ಕೆಳಗಿಟ್ಟು, ಅದು ಸುಮ್ಮನಾಗುವವರೆಗೆ ಕಾಯುತ್ತಾಳೆ.