ಗೌರಮ್ಮಜ್ಜಿಯ ಜೋಡಿ

ಆಗೆಲ್ಲ ಶಿವರಾತ್ರಿ ಹತ್ತಿರ ಬಂತೆಂದರೆ ಕಾಮಾಕ್ಷಿಪಾಳ್ಯದ ನಮ್ಮ ಬೀದಿಯಲ್ಲಿ ಅರ್ಧ ಜನ ಚಪ್ಪಲಿ ಬಿಟ್ಟು ಓಡಾಡುತ್ತಿದ್ದರು. ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರು ಹದಿನೈದು ದಿನ ಮೊದಲೇ ಅಂಗಾಲು ಗಟ್ಟಿ ಮಾಡಿಕೊಳ್ಳಬೇಕಲ್ಲ. ಸಂಜೆಯಾದರೆ ಮನೆಮನೆಯ ಜಗಲಿಯಲ್ಲೂ ಹರಳೆಣ್ಣೆ ವಾಸನೆ. ಹನ್ನೊಂದು ವರ್ಷ ತುಂಬಿದ ಮೇಲೆ ಕರೆದುಕೊಂಡು ಹೋಗುತ್ತೇನೆ ಎಂದು ಅಪ್ಪ ಮಾತು ಕೊಟ್ಟಿದ್ದರು. ಆ ವರ್ಷ ನಾನೂ ಎಣ್ಣೆ ಹಚ್ಚಿಕೊಂಡು ಕೂತೆ.

ಐದು ದಿನದ ದಾರಿ. ಕೆಂಗೇರಿ ತನಕ ಮೈಸೂರು ರಸ್ತೆ, ಅಲ್ಲಿಂದ ಎಡಕ್ಕೆ ತಿರುಗಿ ಕನಕಪುರ, ಆಮೇಲೆ ಸಂಗಮ. ಸಂಗಮದಲ್ಲಿ ಹೊಳೆ ದಾಟಿದರೆ ಆಚೆ ಪೂರ್ತಿ ಕಾಡು. ನಮ್ಮ ತಂಡಕ್ಕೆ ಬಸವರಾಜಣ್ಣ ಯಜಮಾನರು. ಬಸ್ ಕಂಡಕ್ಟರ್ ಆಗಿ ನಿವೃತ್ತರಾಗಿದ್ದರೂ ಸೀಟಿ ಬಿಟ್ಟಿರಲಿಲ್ಲ. ಒಂದು ಸಲ ಊದಿದರೆ ನಿಲ್ಲಬೇಕು, ಎರಡು ಸಲ ಊದಿದರೆ ಹೊರಡಬೇಕು. ಅವರದೇ ಇನ್ನೊಂದು ಕಾನೂನು ಜೋಡಿ. ಮಕ್ಕಳು ಓಡಿಬಿಡುತ್ತಾರೆ, ವಯಸ್ಸಾದವರು ಕೂತುಬಿಡುತ್ತಾರೆ, ಇಬ್ಬರನ್ನೂ ಸೇರಿಸಿ ಕಟ್ಟಿದರೆ ನಡಿಗೆ ಸರಿಹೋಗುತ್ತದೆ ಎಂಬುದು ಅವರ ಲೆಕ್ಕಾಚಾರ. ಜೋಡಿಯನ್ನು ಬಿಟ್ಟು ಬಂದವರಿಗೆ ಊಟದ ಎಲೆ ಇಲ್ಲ. ನನಗೆ ಸಿಕ್ಕ ಜೋಡಿ ಗೌರಮ್ಮಜ್ಜಿ.

ಗೌರಮ್ಮಜ್ಜಿ ನಮ್ಮ ಬೀದಿಯ ತುದಿಯಲ್ಲಿ ಹೂ ಕಟ್ಟಿ ಮಾರುತ್ತಿದ್ದರು. ಅವರ ಮೊಮ್ಮಗಳು ದೀಪು ನಾಲ್ಕು ವರ್ಷವಾದರೂ ಒಂದು ಮಾತೂ ಆಡಿರಲಿಲ್ಲ. ಮಗು ಬಾಯಿ ಬಿಟ್ಟರೆ ಮೂರು ವರ್ಷ ಬಿಡದೆ ನಡೆದು ಬರುತ್ತೇನೆ ಎಂದು ಅಜ್ಜಿ ಮಾದಪ್ಪನಿಗೆ ಹರಕೆ ಹೊತ್ತಿದ್ದರು. ದೀಪು ಮಾತಾಡಿದಳು. ಆಮೇಲಂತೂ ಅವಳ ಬಾಯಿ ಮುಚ್ಚಿಸಲು ಇನ್ನೊಂದು ಹರಕೆ ಹೊರಬೇಕು ಎಂದು ಬೀದಿಯವರು ತಮಾಷೆ ಮಾಡುತ್ತಿದ್ದರು. ಎರಡು ವರ್ಷ ನಡೆದು ಆಗಿತ್ತು. ಅದು ಮೂರನೆಯದು, ಕೊನೆಯದು. ಒಂದು ಮಾರು ದೂರವೂ ಗಾಡಿ ಹತ್ತುವಂತಿಲ್ಲ.

ಮೊದಲ ಎರಡು ದಿನ ನನಗೆ ಹಬ್ಬ. ದಾರಿಯುದ್ದಕ್ಕೂ ಜನ ಪಾನಕ, ಮಜ್ಜಿಗೆ, ಮುತ್ತುಗದ ಎಲೆಯಲ್ಲಿ ಬಿಸಿ ಚಿತ್ರಾನ್ನ ಕೊಡುತ್ತಿದ್ದರು. ಗೌರಮ್ಮಜ್ಜಿ ಸೆರಗಿನ ಗಂಟು ಬಿಚ್ಚಿ ಹುರಿಗಡಲೆ, ಬೆಲ್ಲ ಕೊಡುತ್ತಿದ್ದರು. ಹಾರೋಹಳ್ಳಿಯಲ್ಲಿ ನನ್ನ ಕಾಲಿಗೆ ಬೊಬ್ಬೆ ಬಂದಾಗ ಕಾಲನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು, ಬಟ್ಟೆ ಹರಿದು ಕಟ್ಟಿದವರೂ ಅವರೇ. ಇಷ್ಟಾದರೂ ನನಗೆ ಅವರ ಮೇಲೆ ಸಿಟ್ಟು. ಕಾರಣ ಮೈಲಿಗಲ್ಲಿನ ಆಟ. ಮುಂದಿನ ಮೈಲಿಗಲ್ಲನ್ನು ಯಾರು ಮೊದಲು ಮುಟ್ಟುತ್ತಾರೋ ಅವರದು ಆ ಕಲ್ಲು. ಪಕ್ಕದ ಮನೆಯ ರೇಖಾಳ ಜೋಡಿ ಅವಳ ಚಿಕ್ಕಮ್ಮ, ಬಿರುಸಾಗಿ ನಡೆಯುವವರು. ಕನಕಪುರ ಬರುವಷ್ಟರಲ್ಲಿ ರೇಖಾಳದು ಹದಿನಾಲ್ಕು ಕಲ್ಲು, ನನ್ನದು ಸೊನ್ನೆ. ಗೌರಮ್ಮಜ್ಜಿ ಹತ್ತು ಹೆಜ್ಜೆಗೊಮ್ಮೆ ನಿಂತು, ಸೊಂಟ ಹಿಡಿದುಕೊಂಡು, 'ಉಘೇ ಮಾದಪ್ಪ' ಎಂದು ಉಸಿರು ಬಿಡುತ್ತಿದ್ದರು. ಅವರ ದೇವರ ಮೇಲೂ ನನಗೆ ಸಿಟ್ಟು ಬರತೊಡಗಿತ್ತು.

ಮೂರನೆಯ ದಿನ ಮಧ್ಯಾಹ್ನ, ಸಂಗಮಕ್ಕೆ ಇಳಿಯುವ ಘಟ್ಟದ ರಸ್ತೆ. ಬಿಸಿಲಿಗೆ ಟಾರು ಅಂಗಾಲಿಗೆ ಅಂಟುತ್ತಿತ್ತು. ಎಂದಿನಂತೆ ತಂಡದಲ್ಲಿ ಕೊನೆಯವರು ನಾವಿಬ್ಬರೇ. ಒಂದು ತಿರುವಿನಲ್ಲಿ ಹುಣಸೆ ಮರದ ಬುಡಕ್ಕೆ ಒರಗಿ ಗೌರಮ್ಮಜ್ಜಿ ಕೂತರು. ಕೆಳಗಿನ ತಿರುವಿನಿಂದ ರೇಖಾಳ ನಗು ಕೇಳಿಸಿತು. ಬಾಟಲಿಯಲ್ಲಿ ನೀರು ಮುಗಿದಿತ್ತು. ನನಗೆ ಅಷ್ಟು ಸಾಕಾಯಿತು.

"ಅಜ್ಜಿ, ನೀವು ಇಲ್ಲೇ ಕೂತಿರಿ, ನಾನು ಹೋಗಿ ನೀರು ತರ್ತೀನಿ" ಎಂದೆ.

"ಬಿಸ್ಲು ಮಗಾ, ನಿಧಾನ ಹೋಗು. ನೀನು ಬರೋಗಂಟ ನಾನು ಇಲ್ಲೇ ಇರ್ತೀನಿ" ಎಂದರು.

ಹೋಗುವಾಗ ನೀರು ತರುವ ಮನಸ್ಸಿತ್ತೇ? ಇತ್ತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಇರಲಿಲ್ಲ. ಮೊದಲ ತಿರುವು ದಾಟಿದ್ದೇ ಬಾಟಲಿಯನ್ನು ಚೀಲಕ್ಕೆ ತುರುಕಿ ಓಡಿದೆ. ರೇಖಾಳನ್ನು ಹಿಂದೆ ಹಾಕಿ ಒಂದು ಕಲ್ಲು ಮುಟ್ಟಿದೆ, ಎರಡು ಮುಟ್ಟಿದೆ, ಮೂರು ಮುಟ್ಟಿದೆ. ಆಮೇಲೆ ಮೇಲಕ್ಕೆ ಹತ್ತಿ ಹೋಗುವುದು ದೂರದ ಮಾತಾಯಿತು. ಅಜ್ಜಿ ಹೇಗೂ ಬರುತ್ತಾರೆ ಎಂದುಕೊಂಡೆ.

ಸಂಗಮದಲ್ಲಿ ಬಸವರಾಜಣ್ಣ ಸೀಟಿ ಊದಿ ಜೋಡಿ ಎಣಿಸಿದರು. ಆನೆಗಳ ಕಾಟ, ಸಂಜೆ ನಾಲ್ಕಾದ ಮೇಲೆ ಯಾರನ್ನೂ ಹೊಳೆ ದಾಟಲು ಬಿಡುತ್ತಿರಲಿಲ್ಲ. ಆಗಲೇ ಮೂರೂವರೆ. ನಿನ್ನ ಜೋಡಿ ಎಲ್ಲಿ ಎಂದು ಕೇಳಿದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಅಪ್ಪನೂ.

"ಕಾಲು ನೋವು ಅಂತ ಟೆಂಪೋ ಹತ್ಕೊಂಡ್ರು" ಎಂದೆ.

ನಮ್ಮ ಗಂಟುಮೂಟೆ ಹೊತ್ತ ಟೆಂಪೋ ಅದು. ಘಟ್ಟದವರೆಗೆ ನಮ್ಮ ಹಿಂದೆ ಬಂದು, ಹೊಳೆ ದಾಟುವಂತಿಲ್ಲದ್ದರಿಂದ ಅಲ್ಲಿಂದ ತಿರುಗಿ ಕೊಳ್ಳೇಗಾಲ ಸುತ್ತಿ ನೇರ ಬೆಟ್ಟಕ್ಕೆ ಬರುತ್ತಿತ್ತು. ನಡೆಯಲಾಗದವರು ಅದನ್ನು ಹತ್ತುವುದು ಮಾಮೂಲಿಯೇ. ಅಯ್ಯೋ, ಕೊನೇ ವರ್ಷ ಹೀಗಾಯ್ತಲ್ಲ ಎಂದು ಹೆಂಗಸರು ಲೊಚಗುಟ್ಟಿದರು. ಬಸವರಾಜಣ್ಣ ಎರಡು ಸಲ ಸೀಟಿ ಊದಿದರು. ಹಗ್ಗ ಹಿಡಿದು ತೊಡೆಯುದ್ದದ ನೀರಿಗೆ ಇಳಿದೆವು. ನೀರು ತಣ್ಣಗಿತ್ತು, ಕಾಲಿಗೆ ಹಿತವಾಗಿತ್ತು. ಹಿತವಾಗಿದ್ದುದನ್ನೂ ಒಪ್ಪಿಕೊಳ್ಳಬೇಕು.

ಮುಂದಿನ ಎರಡು ದಿನ ಕಾಡಿನಲ್ಲಿ ನಾನು ಒಂದು ಕಲ್ಲನ್ನೂ ಮುಟ್ಟಲಿಲ್ಲ. ನೂರಾರು ಜನರ ನಡುವೆ ಒಬ್ಬಳೇ ನಡೆದ ಹಾಗಿತ್ತು. ಯಾರಾದರೂ ಅಜ್ಜಿ ಎಂದರೆ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುತ್ತಿದ್ದೆ. ಬೆಟ್ಟದಲ್ಲಿ ಟೆಂಪೋ ನಮಗಾಗಿ ಕಾಯುತ್ತಿತ್ತು. ಅದರಲ್ಲಿ ಗಂಟುಗಳಿದ್ದವು, ಅಜ್ಜಿ ಇರಲಿಲ್ಲ. ಯಾವ ಅಜ್ಜಿ ಎಂದು ಡ್ರೈವರ್ ಕೇಳಿದ.

ಅಪ್ಪ ಬೆವರುತ್ತಾ ನಮ್ಮ ಬೀದಿಯ ದಿನಸಿ ಅಂಗಡಿಗೆ ಫೋನ್ ಮಾಡಿದರು. ಅಂಗಡಿಯವರು ಗೌರಮ್ಮಜ್ಜಿಯನ್ನೇ ಕರೆದು ಮಾತಾಡಿಸಿದರು. ಅವರು ಮನೆಯಲ್ಲಿದ್ದರು, ಚೆನ್ನಾಗಿದ್ದರು. ಟೆಂಪೋ ಹತ್ತಿದಿರಿ ಅಂತ ಮಗು ಹೇಳಿತಲ್ಲ ಎಂದು ಅಪ್ಪ ಕೇಳಿದರು. ಅಜ್ಜಿ ಏನೆಂದರು ಎಂಬುದನ್ನು ಅಪ್ಪ ಆಮೇಲೆ ಅಮ್ಮನ ಹತ್ತಿರ ಹೇಳುತ್ತಿದ್ದರು. ಹೌದು, ಹತ್ತೋಣ ಅಂತಲೇ ಇದ್ದೆ, ಗಾಡಿ ಸಿಗಲಿಲ್ಲ, ಮಗೂನ ಏನೂ ಅನ್ನಬೇಡಿ ಎಂದರಂತೆ.

ಊರಿಗೆ ಬಂದ ಮೇಲೆ ಪ್ರಸಾದ ಕೊಟ್ಟು ಬಾ ಎಂದು ಅಮ್ಮ ಕಳಿಸಿದಳು. ಗೌರಮ್ಮಜ್ಜಿ ಕನಕಾಂಬರ ಕಟ್ಟುತ್ತಾ ಕೂತಿದ್ದರು. ಲಾಡನ್ನು ಕಣ್ಣಿಗೊತ್ತಿಕೊಂಡು ಕೇಳಿದರು.

"ನೀರು ಸಿಕ್ತಾ ಮಗಾ?"

"ಸಿಗ್ಲಿಲ್ಲ ಅಜ್ಜಿ."

"ನಾನು ಕತ್ತಲಾಗೋಗಂಟ ಅಲ್ಲೇ ಇದ್ದೆ. ದಾರೀಲಿ ಹೋಗೋರು ಎಷ್ಟೋ ಜನ ಕರೆದ್ರು, ನಮ್ಮ ಮಗು ನೀರಿಗೆ ಹೋಗೈತೆ, ಬತ್ತದೆ ಅಂದೆ. ಕೊನೇಗೆ ಫಾರೆಸ್ಟ್ ಗಾರ್ಡು ಬೈದು ಬಸ್ಸು ಹತ್ತಿಸಿಬಿಟ್ಟ. ಆಮ್ಯಾಕೆ ನೀನು ವಾಪಸ್ ಬಂದು ಹುಡುಕಿದ್ಯೇನೋ, ಗಾಬರಿ ಆದ್ಯೇನೋ ಅಂತ ರಾತ್ರಿಯೆಲ್ಲ ನಿದ್ದೆ ಬರ್ಲಿಲ್ಲ ಕಣವ್ವಾ."

ಅವರು ನನ್ನ ಹತ್ತಿರ ಕ್ಷಮೆ ಕೇಳುತ್ತಿದ್ದರು. ನಾನು ತಲೆಯಾಡಿಸಿ ಬಂದುಬಿಟ್ಟೆ.

ಕಡಿದುಹೋದ ಹರಕೆಗೆ ಇನ್ನೊಂದು ವರ್ಷ ನಡೆದು ತಪ್ಪು ಕಾಣಿಕೆ ಒಪ್ಪಿಸಬಹುದು ಎಂದು ಯಾರೋ ಅವರಿಗೆ ಹೇಳಿದ್ದರು. ಮರು ವರ್ಷ ಶಿವರಾತ್ರಿಗೆ ಮೊದಲು ಅವರು ನಮ್ಮ ಮನೆ ಬಾಗಿಲಿಗೆ ಬಂದರು. ಮಂಡಿ ಊದಿತ್ತು. ಅವರ ನಡಿಗೆಗೆ ಜೋಡಿಯಾಗಲು ತಂಡದಲ್ಲಿ ಯಾರೂ ಒಪ್ಪಿರಲಿಲ್ಲ, ಒಂಟಿಯಾಗಿ ಬರಲು ಬಸವರಾಜಣ್ಣ ಬಿಡುತ್ತಿರಲಿಲ್ಲ. ನೀನು ಬಂದರೆ ನಾನು ನಡೆದುಬಿಡುತ್ತೇನೆ ಎಂದರು. ಅಷ್ಟು ಜನರಲ್ಲಿ ಅವರಿಗೆ ನಂಬಿಕೆ ಇದ್ದದ್ದು ನನ್ನ ಮೇಲೆ.

ಐದು ದಿನ ಅವರ ಪಕ್ಕದಲ್ಲಿ ಆ ಸುಳ್ಳು ಹೊತ್ತು ನಡೆಯುವ ಧೈರ್ಯ ನನಗಿರಲಿಲ್ಲ. ಪರೀಕ್ಷೆ ಇದೆ ಎಂದೆ. ಪರೀಕ್ಷೆ ಇದ್ದದ್ದು ಶಿವರಾತ್ರಿ ಕಳೆದು ಮೂರು ವಾರಕ್ಕೆ.

"ಓದ್ಕೋ ಮಗಾ. ಪರೀಕ್ಷೆ ದೊಡ್ಡದು" ಎಂದು ಗಲ್ಲ ಸವರಿ ಹೋದರು.

ಅವರು ಮತ್ತೆ ನಡೆಯಲೇ ಇಲ್ಲ. ನಾನು ಪಿಯುಸಿಯಲ್ಲಿದ್ದಾಗ ತೀರಿಕೊಂಡರು. ದೀಪುವಿಗೆ ಸಣ್ಣ ಜ್ವರ ಬಂದರೂ ಅಜ್ಜಿ ಹರಕೆ ಬಾಕಿ ಉಳಿಯಿತೆಂದು ಹೆದರಿ ಅಳುತ್ತಿದ್ದರಂತೆ. ಅದನ್ನು ದೀಪುವೇ ನಗುನಗುತ್ತಾ ಹೇಳಿದಳು. ಆಗಲೂ ನಾನು ಬಾಯಿ ಬಿಡಲಿಲ್ಲ.

ಈಗ ನಾನು ಬಸವೇಶ್ವರನಗರದಲ್ಲಿದ್ದೇನೆ. ಬಿಡುವಾದಾಗ ಗೆಳೆಯರ ಜೊತೆ ಬೆಟ್ಟ ಹತ್ತುತ್ತೇನೆ. ಹಿಂದೆ ಬಿದ್ದವರಿಗಾಗಿ ನಿಲ್ಲುತ್ತೇನೆಂದು ನನ್ನನ್ನು ಹೊಗಳುತ್ತಾರೆ. ನಮ್ಮ ಹಳೆಯ ತಂಡ ಚದುರಿಹೋಗಿದೆ, ಜೋಡಿ ಕಟ್ಟುವವರು ಯಾರೂ ಉಳಿದಿಲ್ಲ. ಹೋದ ಶಿವರಾತ್ರಿಗೆ ಒಬ್ಬಳೇ ಹೊರಟೆ. ಅಜ್ಜಿಯ ಮೂರನೆಯ ನಡಿಗೆಯನ್ನು ನಾನು ನಡೆದು ತೀರಿಸಲಾಗದು, ಅಷ್ಟು ಗೊತ್ತಿತ್ತು. ಆ ಘಟ್ಟದ ತಿರುವಿನಲ್ಲಿ, ಅವರು ಕೂತಷ್ಟು ಹೊತ್ತು ನಾನೂ ಕೂರಬೇಕು, ಅಷ್ಟೇ ಆಸೆ.

ಹುಣಸೆ ಮರ ಇರಲಿಲ್ಲ, ರಸ್ತೆ ಅಗಲ ಮಾಡಿದ್ದರು. ತಿರುವು ಅದೇ. ಮಧ್ಯಾಹ್ನ ಒಂದು ಗಂಟೆಗೆ ಕೂತೆ. ಜನ ಗುಂಪುಗುಂಪಾಗಿ ನನ್ನನ್ನು ದಾಟಿ ಇಳಿಯುತ್ತಿದ್ದರು. ಒಬ್ಬ ಹೆಂಗಸು ನಿಂತು, ಯಾರಿಗಾದ್ರೂ ಕಾಯ್ತಾ ಇದೀರಾ ಎಂದು ಕೇಳಿದಳು. ಫೋನಿನಲ್ಲಿ ಗಂಟೆ ನೋಡಿದೆ, ಮತ್ತೆ ನೋಡಿದೆ. ಒಬ್ಬರಿಗಾಗಿ ಕತ್ತಲಾಗುವವರೆಗೆ ಕೂರುವುದು ಎಂಥ ದೊಡ್ಡ ಕೆಲಸ ಎಂದು ಅಲ್ಲಿ ತಿಳಿಯಿತು. ಹಾಗೆ ಕಾಯುವ ಜನ ಹೋದರು, ಅವರಲ್ಲಿ ಒಬ್ಬರ ನಡಿಗೆಯನ್ನು ನಿಲ್ಲಿಸಿದವಳು ನಾನೇ. ಹೊಳೆ ದಾಟಲು ಬಿಡುವುದು ನಾಲ್ಕರವರೆಗೆ ಮಾತ್ರ. ಒಂದೂ ಮುಕ್ಕಾಲಿಗೇ ಎದ್ದು, ಚೀಲ ಹೆಗಲಿಗೇರಿಸಿ, ನಾನು ಮತ್ತೆ ಇಳಿದು ಹೋದೆ.